ಟರ್ಮಿನಲ್ಲಿನ ಕೆಂಪು ವೆಬ್ ಪುಟಕ್ಕೆ ಬರುವ ದಾರಿ

ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಪ್ರಾಜೆಕ್ಟ್ ರಿಪೋರ್ಟುಗಳದೇ ಸುಗ್ಗಿ. ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಶುರುವಾದ 1963ರಿಂದ ಈ ಊರಿಗೂ ಇಂಜಿನಿಯರಿಂಗಿಗೂ ನಂಟು. ಗುಬ್ಬಿಯಲ್ಲಿ ಚನ್ನಬಸವೇಶ್ವರ ಇನ್‌ಸ್ಟಿಟ್ಯೂಟ್ ಇದೆ. ಕುಣಿಗಲ್ ಕಡೆಯ ಮಕ್ಕಳು ತುಮಕೂರಿನ ಬಸ್ಸನ್ನೋ ಬೆಂಗಳೂರಿನ ಬಸ್ಸನ್ನೋ ಹಿಡಿಯುತ್ತಾರೆ. ಕಾಲೇಜು ಯಾವುದೇ ಇರಲಿ, ಕಂಪ್ಯೂಟರ್ ಸೈನ್ಸ್ ರಿಪೋರ್ಟೆಂದರೆ ಕೊನೆಯಲ್ಲೊಂದು ‘ಸ್ನ್ಯಾಪ್‌ಶಾಟ್ಸ್’ ಅಧ್ಯಾಯ ಸಾಮಾನ್ಯ. ಪ್ರೋಗ್ರಾಂ ಓಡಿತೆಂಬುದಕ್ಕೆ ಸಾಕ್ಷಿಯಾಗಿ ಅಂಟಿಸಿದ ಕಪ್ಪು ಪರದೆಯ ಚಿತ್ರಗಳು ಅಲ್ಲಿರುತ್ತವೆ.

ಆ ಕಪ್ಪು ಪರದೆಯೇ ಟರ್ಮಿನಲ್. ಮೌಸಿನ ಹಂಗಿಲ್ಲದೆ, ಆಜ್ಞೆಗಳನ್ನು ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಜಾಗ. ಅಲ್ಲಿ ಬಣ್ಣ ಶೋಕಿಗೆ ಬಂದದ್ದಲ್ಲ. ಸಿ ಭಾಷೆಯ ಪ್ರೋಗ್ರಾಂ ಒಂದನ್ನು ಜಿಸಿಸಿ ಕಂಪೈಲರಿಗೆ ಕೊಟ್ಟರೆ ತಪ್ಪನ್ನು ದಪ್ಪ ಕೆಂಪಿನಲ್ಲಿ, ಎಚ್ಚರಿಕೆಯನ್ನು ಮಜೆಂಟಾದಲ್ಲಿ ತೋರಿಸುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಅಳಿಸಿದ ಸಾಲು ಕೆಂಪು, ಸೇರಿಸಿದ್ದು ಹಸಿರು. ನೂರಾರು ಸಾಲುಗಳು ಸರಸರನೆ ಮೇಲೆ ಹೋಗುವಾಗ ಕಣ್ಣು ಎಲ್ಲಿ ನಿಲ್ಲಬೇಕೆಂದು ಹೇಳುವುದೇ ಬಣ್ಣ.

ಇದನ್ನು ಫೋಟೊ ತೆಗೆದು ಕಪ್ಪು–ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿದರೆ ಕೆಂಪೂ ಹಸಿರೂ ಬೂದು ಬಣ್ಣಕ್ಕೆ ಇಳಿಯುತ್ತವೆ. ಪ್ರಿಂಟ್ ಬಿಟ್ಟು ಅದೇ ಚಿತ್ರವನ್ನು ವೆಬ್ ಪುಟಕ್ಕೆ ಏರಿಸಿದರೂ ಪೂರ್ತಿ ಲಾಭವಿಲ್ಲ. ಚಿತ್ರದೊಳಗಿನ ತಪ್ಪು ಸಂದೇಶವನ್ನು ಇನ್ನೊಬ್ಬ ವಿದ್ಯಾರ್ಥಿ ಹುಡುಕಿದರೆ ಸಿಗುವುದು ಕಷ್ಟ, ಆ ಆಜ್ಞೆಯನ್ನು ಕಾಪಿ ಮಾಡಿಕೊಳ್ಳಲು ಬಾರದು. ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೆ ಓದಲು ಅಲ್ಲಿ ಪಠ್ಯವೇ ಇಲ್ಲ. ಮೊಬೈಲಿನಲ್ಲಿ ನೋಡುವವರು ಅಕ್ಷರ ಕಾಣಲು ಹಿಗ್ಗಿಸಿ ಹಿಗ್ಗಿಸಿ ಸುಸ್ತಾಗುತ್ತಾರೆ. ಟರ್ಮಿನಲ್ಲಿನ ಪಠ್ಯ ಪಠ್ಯವಾಗಿಯೇ, ಬಣ್ಣದ ಸಮೇತ, ವೆಬ್ ಪುಟಕ್ಕೆ ಬರಬೇಕು. ಅದಕ್ಕೆ ದಾರಿ ಇದೆ. ಬಹಳ ಹಿಂದಿನಿಂದಲೂ ಇದೆ.

ಬಣ್ಣ ಎಲ್ಲಿ ಅಡಗಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಪ್ರೋಗ್ರಾಂ ಪರದೆಗೆ ಕಳಿಸುವ ಅಕ್ಷರಗಳ ನಡುವೆಯೇ ಕಣ್ಣಿಗೆ ಕಾಣದ ಕೆಲವು ಗುರುತುಗಳೂ ಹೋಗುತ್ತವೆ. ಮೊದಲಿಗೆ 27ನೇ ಸಂಖ್ಯೆಯ ‘ಎಸ್ಕೇಪ್’ ಅಕ್ಷರ, ಅದರ ಬೆನ್ನಿಗೆ ಚೌಕ ಆವರಣ, ಆಮೇಲೆ ಒಂದು ಅಂಕಿ, ಕೊನೆಗೆ ಇಂಗ್ಲಿಷಿನ ಸಣ್ಣ ಎಂ. ಅಂಕಿ 31 ಆದರೆ ಮುಂದಿನದೆಲ್ಲ ಕೆಂಪು. 32 ಹಸಿರು, 34 ನೀಲಿ. 1 ಎಂದರೆ ದಪ್ಪಕ್ಷರ, 0 ಎಂದರೆ ಎಲ್ಲ ಬಿಟ್ಟು ಮಾಮೂಲಿಗೆ ವಾಪಸ್. ಈ ಅಂಕಿಗಳ ಹಿಂದೆ ಸೊಗಸಾದ ಲೆಕ್ಕವಿದೆ. ಕೆಂಪಿಗೆ 1, ಹಸಿರಿಗೆ 2, ನೀಲಿಗೆ 4. ಬೆಳಕನ್ನು ಬೆರೆಸಿದಂತೆ ಇವನ್ನು ಕೂಡುತ್ತ ಹೋದರಾಯಿತು. ಕೆಂಪು–ಹಸಿರು ಕೂಡಿದರೆ 3, ಅಂದರೆ 33, ಹಳದಿ. ಕೆಂಪು–ನೀಲಿ ಕೂಡಿದರೆ 35, ಮಜೆಂಟಾ. ಮೂರೂ ಸೇರಿದರೆ 37, ಬಿಳಿ. ಯಾವುದೂ ಇಲ್ಲದಿದ್ದರೆ 30, ಕಪ್ಪು. ಒಟ್ಟು ಎಂಟು ಬಣ್ಣ. 256 ಬಣ್ಣಗಳ ಪಟ್ಟಿ, ಲಕ್ಷಾಂತರ ಛಾಯೆಗಳ ಪದ್ಧತಿ ಇವೆಲ್ಲ ಆಮೇಲೆ ಬಂದು ಸೇರಿದವು.

ಈ ಗುರುತುಗಳು ಸ್ಮಾರ್ಟ್‌ಫೋನ್ ಕಾಲದವಲ್ಲ. ಯುರೋಪಿನ ಕಂಪ್ಯೂಟರ್ ತಯಾರಕರ ಸಂಘ 1976ರಲ್ಲಿ ಹೊರತಂದ ಇಸಿಎಂಎ–48 ಎಂಬ ಮಾನಕ ಇವುಗಳ ಮೂಲ. 1978ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವಿಟಿ100 ಟರ್ಮಿನಲ್ ಈ ಬಗೆಯ ಗುರುತುಗಳನ್ನು ಜಗತ್ತಿಗೆಲ್ಲ ಹಬ್ಬಿಸಿತು. ಆ ಯಂತ್ರಕ್ಕೇ ಬಣ್ಣ ತೋರಿಸುವ ಶಕ್ತಿ ಇರಲಿಲ್ಲ ಎಂಬುದು ವಿಶೇಷ. ಇಂದು ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಿಕೊಂಡ ವಿದ್ಯಾರ್ಥಿಯ ಪರದೆಯಲ್ಲೂ ಓಡುತ್ತಿರುವುದು ಅದೇ ಎಸ್ಕೇಪ್, ಅದೇ ಚೌಕ ಆವರಣ.

ವೆಬ್ ಪುಟದ ಎಚ್‌ಟಿಎಂಎಲ್ ಭಾಷೆಗೆ ಈ ಗುರುತುಗಳು ಗೊತ್ತಿಲ್ಲ. ಟರ್ಮಿನಲ್ಲಿನ ಸಾಲನ್ನು ಹಾಗೇ ಫೈಲಿನಿಂದ ತಂದು ಪುಟಕ್ಕೆ ಹಾಕಿದರೆ ಎಸ್ಕೇಪ್ ಅಕ್ಷರ ಕಣ್ಮರೆಯಾಗಿಯೋ ಚೌಕವಾಗಿಯೋ ಉಳಿದು, ಪದಗಳ ನಡುನಡುವೆ ಆವರಣ, 31, ಎಂ ಎಂಬ ಕಸ ಚೆಲ್ಲಿರುತ್ತದೆ. ಈ ಗುರುತುಗಳನ್ನು ವೆಬ್ ಪುಟದ ಭಾಷೆಗೆ ಬದಲಿಸುವ ಪ್ರೋಗ್ರಾಂ, ಅಂದರೆ ಪರಿವರ್ತಕ, ಮಾಡಬೇಕಾದ ಕೆಲಸ ಅಂಕಿಗೆ ಬಣ್ಣ ಇಡುವುದಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಟರ್ಮಿನಲ್, ವೆಬ್ ಪುಟ ಎರಡರ ಸ್ವಭಾವವೇ ಬೇರೆ. ಟರ್ಮಿನಲ್ಲಿನ ಬಣ್ಣ ಕೋಣೆಯ ದೀಪದ ಸ್ವಿಚ್ಚಿನಂತೆ, ಒತ್ತಿದರೆ ಯಾರಾದರೂ ಆರಿಸುವ ತನಕ ಉರಿಯುತ್ತಲೇ ಇರುತ್ತದೆ. ಎಚ್‌ಟಿಎಂಎಲ್‌ನಲ್ಲಿ ಹಾಗಲ್ಲ: ಬಣ್ಣದ ಪಠ್ಯವನ್ನು ಸುತ್ತುವರಿಯಲು ತೆರೆದ ‘ಸ್ಪ್ಯಾನ್’ ಟ್ಯಾಗನ್ನು ಮುಚ್ಚಲೇಬೇಕು, ಒಳಗೆ ತೆರೆದದ್ದನ್ನು ಒಳಗೇ ಮುಚ್ಚಬೇಕು. ದಪ್ಪಕ್ಷರ ಶುರು, ಕೆಂಪು ಶುರು, ದಪ್ಪಕ್ಷರ ಮಾತ್ರ ಬಂದ್, ಕೆಂಪು ಮುಂದುವರಿಕೆ ಎಂದು ಟರ್ಮಿನಲ್ ಸಲೀಸಾಗಿ ಹೇಳಿಬಿಡುತ್ತದೆ. ಪರಿವರ್ತಕ ಅಲ್ಲಿ ಎಲ್ಲ ಸ್ಪ್ಯಾನುಗಳನ್ನು ಮುಚ್ಚಿ, ಈ ಕ್ಷಣಕ್ಕೆ ಯಾವ ಯಾವ ಗುಣ ಜಾರಿಯಲ್ಲಿದೆ ಎಂದು ನೆನಪಿಟ್ಟುಕೊಂಡು, ಕೆಂಪಿನ ಸ್ಪ್ಯಾನನ್ನು ಮತ್ತೆ ತೆರೆಯಬೇಕು.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಸಿ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಎಸ್‌ಟಿಡಿಐಒ.ಎಚ್ ಎಂಬ ಫೈಲಿನ ಹೆಸರು ಕೋನಾವರಣದೊಳಗೆ ಬರುವುದನ್ನು ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲ. ಎಚ್‌ಟಿಎಂಎಲ್‌ನಲ್ಲಿ ಟ್ಯಾಗುಗಳನ್ನು ಗುರುತಿಸುವುದೂ ಅದೇ ಕೋನಾವರಣದಿಂದ. ಸಾಲನ್ನು ಹಾಗೇ ಪುಟಕ್ಕೆ ಹಾಕಿದರೆ ಬ್ರೌಸರ್ ಅದನ್ನು ತನಗೆ ಪರಿಚಯವಿಲ್ಲದ ಟ್ಯಾಗೆಂದು ತಿಳಿದು ನುಂಗಿಬಿಡುತ್ತದೆ; ಓದುಗನಿಗೆ ‘ಇನ್‌ಕ್ಲೂಡ್’ ಮಾತ್ರ ಕಾಣುತ್ತದೆ. ಮರೆಯಾಗುವುದು ಸಣ್ಣ ನಷ್ಟ. ಲಾಗ್ ಫೈಲಿನೊಳಗೆ ಯಾರಾದರೂ ಬೇಕೆಂದೇ ಸ್ಕ್ರಿಪ್ಟ್ ಟ್ಯಾಗ್ ತುರುಕಿದ್ದರೆ ಅದು ಪುಟ ತೆರೆದವರ ಬ್ರೌಸರಿನಲ್ಲಿ ಓಡಿಬಿಡಬಹುದು. ಆದ್ದರಿಂದ ಆಂಪರ್ಸ್ಯಾಂಡ್ ಚಿಹ್ನೆಯನ್ನು ಮೊದಲು, ಆಮೇಲೆ ಎರಡೂ ಕೋನಾವರಣಗಳನ್ನು ನಿರಪಾಯ ರೂಪಕ್ಕೆ ಬದಲಿಸಿ, ಬಣ್ಣದ ಟ್ಯಾಗುಗಳನ್ನು ಅದಾದ ಮೇಲಷ್ಟೇ ಹಾಕಬೇಕು. ಈ ಕ್ರಮ ಹಿಂದುಮುಂದಾದರೆ ಪರಿವರ್ತಕ ತಾನೇ ಹಾಕಿದ ಟ್ಯಾಗುಗಳನ್ನು ತಾನೇ ಕೆಡಿಸುತ್ತದೆ.

ಬಣ್ಣದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. 34 ಎಂಬುದು ನೀಲಿ ಎಂಬ ಹೆಸರು ಮಾತ್ರ. ಯಾವ ನೀಲಿ ಎಂಬುದನ್ನು ಆಯಾ ಟರ್ಮಿನಲ್ಲೇ ನಿರ್ಧರಿಸುತ್ತದೆ. ಕಪ್ಪು ಹಿನ್ನೆಲೆಗೆಂದು ಆರಿಸಿದ ಹಳದಿ ಬಿಳಿ ಪುಟದ ಮೇಲೆ ಕಾಣುವುದೇ ಇಲ್ಲ. ಓದಲು ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಬೇಕೆಂದು ವೆಬ್ ಸುಗಮ್ಯತೆಯ ನಿಯಮ ಹೇಳುತ್ತದೆ, ಬಿಳಿಯ ಮೇಲೆ ಅಪ್ಪಟ ಹಳದಿಗೆ ಸಿಗುವುದು 1.07 ಮಾತ್ರ. ಬಣ್ಣದ ಛಾಯೆಯನ್ನು ಪ್ರತಿ ಪದಕ್ಕೂ ಅಂಟಿಸುವ ಬದಲು ‘ಇದು ತಪ್ಪು’, ‘ಇದು ಎಚ್ಚರಿಕೆ’ ಎಂಬಂಥ ಕ್ಲಾಸ್ ಹೆಸರು ಕೊಟ್ಟು, ಛಾಯೆಗಳನ್ನು ಪುಟದ ರೂಪ ಹೇಳುವ ಸಿಎಸ್ಎಸ್ ಫೈಲಿನಲ್ಲಿ ಒಂದೇ ಕಡೆ ಬರೆಯುವುದು ಒಳ್ಳೆಯ ಪದ್ಧತಿ. ಕೆಂಪು–ಹಸಿರಿನ ವ್ಯತ್ಯಾಸ ಕಾಣದವರಿಗಾಗಿ ಬಣ್ಣದ ಜೊತೆಗೆ ದಪ್ಪಕ್ಷರವನ್ನೋ ಅಡಿಗೆರೆಯನ್ನೋ ಸೇರಿಸಲು ಆಗ ಒಂದೇ ಸಾಲು ಸಾಕು.

ಇಷ್ಟನ್ನೂ ಮಾಡುವ ಸಲಕರಣೆಗಳು ಬಿಟ್ಟಿಯಾಗಿ ಸಿಗುತ್ತವೆ. ‘ಆಹಾ’ ಎಂಬ ಪುಟ್ಟ ಪ್ರೋಗ್ರಾಂ ಇದೆ, ಪೈಥಾನಿನಲ್ಲಿ ಬರೆದ ‘ಆನ್ಸಿ2ಎಚ್‌ಟಿಎಂಎಲ್’ ಇದೆ. ಗ್ನೋಮ್ ಟರ್ಮಿನಲ್ ಇರುವವರಿಗೆ ಅದೂ ಬೇಡ. ಬೇಕಾದ ಸಾಲುಗಳನ್ನು ಆರಿಸಿ ‘ಕಾಪಿ ಆ್ಯಸ್ ಎಚ್‌ಟಿಎಂಎಲ್’ ಒತ್ತಿದರೆ ಸಾಕು. ಆದರೆ ಶುರುವಿನಲ್ಲೇ ಅನೇಕರು ಎಡವುವ ಜಾಗವೊಂದಿದೆ. ಪ್ರೋಗ್ರಾಮಿನ ಫಲಿತಾಂಶವನ್ನು ಪರದೆಯ ಬದಲು ಫೈಲಿಗೆ ತಿರುಗಿಸಿದ ಕೂಡಲೇ ಬಣ್ಣ ಮಾಯವಾಗುತ್ತದೆ. ಎದುರಿಗೆ ಇರುವುದು ಟರ್ಮಿನಲ್ಲೋ ಅಲ್ಲವೋ ಎಂದು ಪ್ರೋಗ್ರಾಂಗಳು ಮೊದಲೇ ಪರೀಕ್ಷಿಸಿ, ಅಲ್ಲವೆಂದಾದರೆ ಬಣ್ಣದ ಗುರುತುಗಳನ್ನು ಕಳಿಸುವುದೇ ಇಲ್ಲ. ಆದ್ದರಿಂದ, ಉದಾಹರಣೆಗೆ, ಪದ ಹುಡುಕುವ ಗ್ರೆಪ್ ಎಂಬ ಆಜ್ಞೆಗೆ ‘ಕಲರ್ ಆಲ್ವೇಸ್’ ಎಂದು ಹೇಳಿಕೊಡಬೇಕು. ಹಾಗೆ ಹೇಳಲು ಅವಕಾಶವೇ ಇಲ್ಲದ ಪ್ರೋಗ್ರಾಂ ಆದರೆ, ಪರದೆಯ ಮೇಲೆ ನಡೆದದ್ದನ್ನೆಲ್ಲ ದಾಖಲಿಸುವ ‘ಸ್ಕ್ರಿಪ್ಟ್’ ಆಜ್ಞೆಯೊಳಗೆ ಅದನ್ನು ಓಡಿಸಬೇಕು.

ಕಾಣುವುದೊಂದು, ಒಳಗಿರುವುದೊಂದು ಎಂಬ ಈ ತೊಡಕು ಕನ್ನಡ ಡಿಟಿಪಿ ಮಾಡಿದವರಿಗೆ ಹೊಸದಲ್ಲ. ಹಳೆಯ ನುಡಿ ಫಾಂಟಿನಲ್ಲಿ ಕಾಣುವ ‘ಕ’ ಅಕ್ಷರದ ಒಳಗೆ ಇರುವುದು ಇಂಗ್ಲಿಷಿನ ದೊಡ್ಡ ಪಿ ಮತ್ತು ತಲೆಕಟ್ಟಿಗಾಗಿ ಬಳಸಿದ, ಮೇಲೆ ಗೀಟಿರುವ ಎ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಾಗದ ಗೋಜಲು. ಆ ಕಡತಗಳನ್ನು ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕವನ್ನು ಬರೆದವರಲ್ಲಿ ಅರವಿಂದ ವಿ.ಕೆ. ಒಬ್ಬರು. ಲಿನಕ್ಸಿನಲ್ಲಿ ಸಿಗುವ ‘ಗುಬ್ಬಿ’, ‘ನವಿಲು’ ಫಾಂಟುಗಳನ್ನು ಸಿದ್ಧಪಡಿಸಿದವರೂ ಅವರೇ. ಆ ಪರಿವರ್ತನೆಯಲ್ಲೂ ಒತ್ತಕ್ಷರ ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕುವುದೇ ಕಷ್ಟದ ಭಾಗ.

ಟರ್ಮಿನಲ್ಲಿನ ಬಣ್ಣಕ್ಕೂ ಒತ್ತಕ್ಷರಕ್ಕೂ ಎಲ್ಲಿಯ ಸಂಬಂಧ ಎನ್ನಿಸಬಹುದು. ಬಹಳ ಸಂಬಂಧವಿದೆ. ಟರ್ಮಿನಲ್ ಎಂಬುದು ಸಮ ಅಳತೆಯ ಮನೆಗಳ ಹಾಸು. ವಿಟಿ100ರಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 24. ಇಂಗ್ಲಿಷಿನ ಒಂದೊಂದು ಅಕ್ಷರ ಒಂದೊಂದು ಮನೆಯಲ್ಲಿ ಕೂರುತ್ತದೆ. ಕನ್ನಡ ಅಂಥ ಮನೆಗಳಲ್ಲಿ ಕೂರುವ ಲಿಪಿಯಲ್ಲ. ‘ಗುಬ್ಬಿ’ ಎಂಬ ಹೆಸರು ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡಿನಲ್ಲಿ ಅದು ಆರು: ಗ, ಉಕಾರದ ಕೊಂಬು, ಬ, ಸ್ವರವನ್ನು ಕಳೆಯುವ ವಿರಾಮ ಚಿಹ್ನೆ, ಮತ್ತೊಂದು ಬ, ಇಕಾರದ ಗುಡಿಸು. ಹಲವು ಟರ್ಮಿನಲ್‌ಗಳಲ್ಲಿ ಒತ್ತು ಕೆಳಗಿಳಿಯದೆ ‘ಬ್’ ಬೇರೆ, ‘ಬಿ’ ಬೇರೆಯಾಗಿ ನಿಲ್ಲುತ್ತವೆ. ಅದೇ ಪಠ್ಯ ವೆಬ್ ಪುಟಕ್ಕೆ ಬಂದರೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬಳಸುವ ಹಾರ್ಫ್‌ಬಝ್ ಎಂಬ ಲಿಪಿಜೋಡಣೆಯ ತಂತ್ರಾಂಶ ಒತ್ತನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ಕನ್ನಡದ ಮಟ್ಟಿಗೆ ಟರ್ಮಿನಲ್ಲಿಗಿಂತ ವೆಬ್ ಪುಟವೇ ಓದಲು ವಾಸಿ.

ಆದರೆ ಬಣ್ಣದ ಗುರುತು ಅಕ್ಷರದ ಹೊಟ್ಟೆಯೊಳಗೇ ಬಂದುಬಿಟ್ಟರೆ?

ಗ್ರೆಪ್ ಆಜ್ಞೆ ಫೈಲಿನಲ್ಲಿ ಪದ ಹುಡುಕಿ, ಸಿಕ್ಕ ಭಾಗವನ್ನು ದಪ್ಪ ಕೆಂಪಿನಲ್ಲಿ ತೋರಿಸುತ್ತದೆ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಹೆಸರಿರುವ ಫೈಲಿನಲ್ಲಿ ‘ಗುಬ’ ಎಂದು ಹುಡುಕಿದರೆ ಗ್ರೆಪ್ ‘ಬ’ ಆದ ಕೂಡಲೇ ಕೆಂಪನ್ನು ಮುಗಿಸುತ್ತದೆ. ವಿರಾಮ ಮತ್ತು ಒತ್ತು ಗೆರೆಯ ಆಚೆ ಉಳಿಯುತ್ತವೆ. ಕುಣಿಗಲ್ಲಿನದು ಬೇರೆ ಬಗೆ. ‘ಕುಣಿಗಲ್ಲಿನ ಕೆರೆ’ ಎಂದಿರುವ ಸಾಲಿನಲ್ಲಿ ‘ಕುಣಿಗಲ್’ ಹುಡುಕಿದರೆ ಕೆಂಪು ವಿರಾಮದವರೆಗೆ ಬಂದು ನಿಂತು, ‘ಲ್ಲಿ’ ಎಂಬ ಒಂದೇ ಅಕ್ಷರ ಎರಡು ಹೋಳಾಗುತ್ತದೆ. ‘ತುಮಕೂರಿನ’, ‘ತುಮಕೂರಲ್ಲಿ’ ಎರಡೂ ಸಿಗಲಿ ಎಂದು ‘ತುಮಕೂರ’ ಎಂದಷ್ಟೇ ಹುಡುಕಿದರೆ ‘ರಿ’ಯ ಗುಡಿಸು ಕಡಿದುಹೋಗುತ್ತದೆ. ವಿಭಕ್ತಿ ಹತ್ತಿದ ಕೂಡಲೇ ಪದದ ಕೊನೆ ಬದಲಾಗುವ ಭಾಷೆಯಲ್ಲಿ ಇದು ಅಪರೂಪದ ಸಂದರ್ಭವಲ್ಲ. ಹುಡುಕಾಟದಲ್ಲಿ ದಿನವೂ ಆಗುವಂಥದ್ದು.

ಸಾದಾ ಪರಿವರ್ತಕ ಗ್ರೆಪ್ ಹೇಳಿದ ಜಾಗದಲ್ಲೇ ಸ್ಪ್ಯಾನ್ ಮುಚ್ಚುತ್ತದೆ. ಆಗ ಕೆಲವು ಬ್ರೌಸರುಗಳು ಟ್ಯಾಗಿನ ಆಚೀಚಿನ ಪಠ್ಯವನ್ನು ಜೋಡಿಸಿಕೊಂಡು ಹೇಗೋ ಸರಿ ತೋರಿಸಿದರೆ, ಜೋಡಣೆ ತಪ್ಪಿದಲ್ಲಿ ಆಸರೆಯಿಲ್ಲದ ಗುಡಿಸಿನ ಹಿಂದೆ ಚುಕ್ಕಿಗಳ ಒಂದು ವೃತ್ತ ಕಾಣಿಸಿಕೊಳ್ಳುತ್ತದೆ. ಹೆಸರೇ ತಪ್ಪಾಗಿ ಬರೆದಂತೆ ತೋರುತ್ತದೆ. ಗ್ರೆಪ್ ಬಣ್ಣದ ಜೊತೆಗೆ ‘ಸಾಲಿನ ಉಳಿದ ಭಾಗ ಒರೆಸು’ ಎಂಬ ಇನ್ನೊಂದು ಗುರುತನ್ನೂ ಕಳಿಸುತ್ತದೆ. ಅದು ಎಂ ಬದಲು ದೊಡ್ಡ ಕೆ ಅಕ್ಷರದಿಂದ ಮುಗಿಯುತ್ತದೆ. ಬಣ್ಣದ ಗುರುತುಗಳನ್ನಷ್ಟೇ ಬಲ್ಲ ಪರಿವರ್ತಕವಾದರೆ ಅದನ್ನೂ ಅಕ್ಷರದ ನಡುವೆಯೇ ಬಿಟ್ಟುಬಿಡುತ್ತದೆ.

ಒಂದು ಅಕ್ಷರ ಎಲ್ಲಿ ಮುಗಿಯಿತೆಂದು ಹೇಳುವ ನಿಯಮಗಳು ಯೂನಿಕೋಡಿನಲ್ಲೇ ಇವೆ. ಅವನ್ನು ಬಳಸಿದರೆ ‘ತುಮಕೂರಿನ’ ಸಮಸ್ಯೆ ಬಗೆಹರಿಯುತ್ತದೆ, ಏಕೆಂದರೆ ಗುಡಿಸನ್ನು ಅದರ ವ್ಯಂಜನದಿಂದ ಬೇರ್ಪಡಿಸಬಾರದೆಂದು ಅಲ್ಲಿ ಸ್ಪಷ್ಟವಾಗಿದೆ. ಒತ್ತಕ್ಷರಗಳನ್ನು ಇಡಿಯಾಗಿ ಕಾಯುವ ನಿಯಮ ಬಂದದ್ದು 2023ರ 15.1ನೇ ಆವೃತ್ತಿಯಲ್ಲಿ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಆಗ ಅದರ ವ್ಯಾಪ್ತಿಗೆ ಬಂದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಒತ್ತಕ್ಷರಗಳ ರಚನೆಯಲ್ಲಿ ಕನ್ನಡಕ್ಕೆ ಅತಿ ಹತ್ತಿರದ ತೆಲುಗು ಒಳಗಿದ್ದು ಕನ್ನಡ ಹೊರಗುಳಿದದ್ದು ಕನ್ನಡ ತಂತ್ರಾಂಶ ಬರೆಯುವವರು ಗಮನಿಸಲೇಬೇಕಾದ ಸಂಗತಿ. ಸಿದ್ಧ ಲೈಬ್ರರಿಯನ್ನು ನಂಬಿ ಕೂತರೆ ‘ಗುಬ್ಬಿ’ಯ ಬ್ಬಿ ಹೋಳಾಗುವುದು ತಪ್ಪುವುದಿಲ್ಲ.

ಪರಿಹಾರಕ್ಕೆ ದೊಡ್ಡ ಸಂಶೋಧನೆಯೇನೂ ಬೇಡ. ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿ ಬರೆದು, ಈ ಮುಕ್ತ ಪರಿವರ್ತಕಗಳಲ್ಲೊಂದಕ್ಕೆ ಸೇರಿಸಲು ಕಳಿಸಬಹುದಾದಷ್ಟು ಸಣ್ಣ ಕೆಲಸ. ಸ್ಪ್ಯಾನ್ ಮುಚ್ಚುವ ಮೊದಲು ಮುಂದಿನ ಯೂನಿಕೋಡ್ ಚಿಹ್ನೆಯನ್ನು ನೋಡಬೇಕು. ಅದು ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ವಿರಾಮವಾಗಿದ್ದರೆ ಅದನ್ನೂ ಒಳಗೆ ತೆಗೆದುಕೊಳ್ಳಬೇಕು. ಒಳಗಿನ ಕೊನೆಯ ಚಿಹ್ನೆ ವಿರಾಮವಾಗಿದ್ದು ಮುಂದೆ ವ್ಯಂಜನವಿದ್ದರೆ ಆ ವ್ಯಂಜನವೂ ಒಳಗೆ. ಹೀಗೆ ಒಳಗೆ ಬರಬೇಕಾದದ್ದು ಮುಗಿಯುವ ತನಕ ಮುಂದೆ ಸಾಗಿ, ಆಮೇಲೆ ಮುಚ್ಚಬೇಕು. ಹಾಗೆ ಮಾಡಿದರೆ ‘ಗುಬ’ ಹುಡುಕಿದವರಿಗೆ ಪುಟದಲ್ಲಿ ‘ಗುಬ್ಬಿ’ ಇಡಿಯಾಗಿ ಕೆಂಪಾಗುತ್ತದೆ. ಕುಣಿಗಲ್ಲಿನ ಸಾಲಿನಲ್ಲಿ ಕೆಂಪು ‘ಲ್ಲಿ’ಯನ್ನು ದಾಟಿ ನಿಲ್ಲುತ್ತದೆ, ‘ತುಮಕೂರಿನ’ದಲ್ಲಿ ‘ರಿ’ಯ ನಂತರ, ಉಳಿಯುವ ‘ನ’ ಮಾಮೂಲಿ ಬಣ್ಣದಲ್ಲಿರುತ್ತದೆ.