ವಸ್ತ್ರಾವೃತ ರೈಖ್‌ಸ್ಟಾಗ್: ಅಲ್ಪಾಯುವಾದ ಒಂದು ಕಲಾಕೃತಿಯ ಇತಿಹಾಸ ವಿಚಾರ

ಇತಿಹಾಸದ ಅಭ್ಯಾಸಿಗಳಾದ ನಾವು ಸಾಮಾನ್ಯವಾಗಿ ಬಾಳಿಕೆಯುಳ್ಳ ವಸ್ತುಗಳನ್ನೇ ಆಶ್ರಯಿಸುತ್ತೇವೆ. ಶಿಲಾಶಾಸನ, ತಾಮ್ರಪಟ, ನಾಣ್ಯ, ದೇವಾಲಯ ಇವು ಕಾಲದ ಹೊಡೆತವನ್ನು ತಡೆದುಕೊಂಡು ಉಳಿದುಬಂದುದರಿಂದಲೇ ನಮಗೆ ಪ್ರಮಾಣಗಳಾಗಿವೆ. ಹೀಗಿರಲು, ಉಳಿಯಬಾರದೆಂಬ ಸಂಕಲ್ಪದಿಂದಲೇ ನಿರ್ಮಿತವಾಗಿ, ಎರಡು ವಾರಗಳಲ್ಲಿ ಕಣ್ಮರೆಯಾದ ಕೃತಿಯೊಂದನ್ನು ಇತಿಹಾಸಕಾರನು ಹೇಗೆ ನೋಡಬೇಕು? 1995ರಲ್ಲಿ ಬರ್ಲಿನ್ ನಗರದ ರೈಖ್‌ಸ್ಟಾಗ್ ಭವನವನ್ನು ಸಂಪೂರ್ಣವಾಗಿ ಬಟ್ಟೆಯಿಂದ ಹೊದಿಸಿದ ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಕೃತಿಯ ಕರ್ತೃಗಳು ಕ್ರಿಸ್ಟೋ ಮತ್ತು ಅವರ ಪತ್ನಿ ಜಾನ್-ಕ್ಲೋಡ್. ಇಬ್ಬರೂ 1935ನೆಯ ಜೂನ್ 13ರಂದೇ ಜನಿಸಿದವರು. ಪತಿ ಬಲ್ಗೇರಿಯದ ಗಾಬ್ರೊವೊದಲ್ಲಿ, ಪತ್ನಿ ಮೊರಾಕೋದ ಕಾಸಾಬ್ಲಾಂಕಾದಲ್ಲಿ. ಕ್ರಿಸ್ಟೋ ಅವರು 1957ರಲ್ಲಿ ಕಮ್ಯೂನಿಸ್ಟ್ ಆಡಳಿತದ ನಾಡುಗಳಿಂದ ತಪ್ಪಿಸಿಕೊಂಡು ವಿಯೆನ್ನಾ ಸೇರಿದರು; ಮುಂದೆ ಪ್ಯಾರಿಸ್ಸಿನಲ್ಲಿ ಜಾನ್-ಕ್ಲೋಡ್ ಅವರನ್ನು ಕಂಡು, 1964ರಲ್ಲಿ ದಂಪತಿಗಳು ನ್ಯೂಯಾರ್ಕಿನಲ್ಲಿ ನೆಲಸಿದರು. ಬಯಲಿನಲ್ಲಿಯೂ ನಗರಗಳಲ್ಲಿಯೂ ಅಪಾರ ಪ್ರಮಾಣದ ಬಟ್ಟೆಯನ್ನು ಅಲ್ಪಕಾಲ ಹರಡುವುದು ಇವರ ವಿಶಿಷ್ಟ ಮಾರ್ಗವಾಗಿದ್ದಿತು. 1972ರಲ್ಲಿ ಅಮೆರಿಕದ ಕೊಲೊರಾಡೋ ಪ್ರಾಂತದ ಕಣಿವೆಯೊಂದಕ್ಕೆ ಅಡ್ಡಲಾಗಿ ಕಟ್ಟಿದ ಪರದೆಯನ್ನು ಬಿರುಗಾಳಿಯ ಕಾರಣದಿಂದ 28 ಗಂಟೆಗಳಲ್ಲಿಯೇ ಇಳಿಸಬೇಕಾಯಿತು. 1976ರಲ್ಲಿ ಕ್ಯಾಲಿಫೋರ್ನಿಯದ ಬೆಟ್ಟಗಳ ಮೇಲೆ ಹಾಯ್ದ 5.5 ಮೀಟರ್ ಎತ್ತರದ ಬಟ್ಟೆಯ ಬೇಲಿಯು ಸುಮಾರು 39 ಕಿಲೋಮೀಟರ್ ಉದ್ದವಿದ್ದು, 14 ದಿನ ಮಾತ್ರ ನಿಂತಿದ್ದಿತು.

ರೈಖ್‌ಸ್ಟಾಗ್ ಭವನವಾದರೋ ಬರಿಯ ಬಯಲಲ್ಲ. ವಾಸ್ತುಶಿಲ್ಪಿ ಪೌಲ್ ವಾಲೋಟ್ ಅವರ ಯೋಜನೆಯಂತೆ 1884ರಲ್ಲಿ ಆರಂಭವಾಗಿ 1894ರಲ್ಲಿ ಪೂರ್ಣಗೊಂಡ ಈ ಸಂಸದ್ಭವನವು ಜರ್ಮನಿಯ ಆಧುನಿಕ ಇತಿಹಾಸದ ಸಮಸ್ತ ಏರಿಳಿತಗಳನ್ನೂ ಕಂಡಿದೆ. 1918ರ ನವೆಂಬರ್ 9ರಂದು ಇಲ್ಲಿಂದಲೇ ಗಣರಾಜ್ಯವು ಘೋಷಿತವಾಯಿತು. 1933ರ ಫೆಬ್ರುವರಿ 27ರ ರಾತ್ರಿ ಇದಕ್ಕೆ ಬೆಂಕಿ ಬಿದ್ದಿತು. ಮರುದಿನವೇ ಅದನ್ನು ನೆಪಮಾಡಿಕೊಂಡು ಹಿಟ್ಲರನ ಸರಕಾರವು ಪ್ರಜೆಗಳ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿರಿಸಿತು. 1945ರಲ್ಲಿ ಸೋವಿಯತ್ ಸೈನಿಕರು ಇದರ ಮೇಲೆ ತಮ್ಮ ಧ್ವಜವನ್ನೇರಿಸಿದರು. 1961ರಲ್ಲಿ ಬರ್ಲಿನ್ ಗೋಡೆಯು ಇದರ ಪೂರ್ವ ಪಾರ್ಶ್ವದ ಪಕ್ಕದಲ್ಲಿಯೇ ಎದ್ದಿತು. ಅಲ್ಲಿಂದ ಮುಂದೆ ದುರಸ್ತಿ ಹೊಂದಿಯೂ ಸಂಸತ್ತಿಲ್ಲದ ಸಂಸದ್ಭವನವಾಗಿ ಇದು ನಿಂತಿದ್ದಿತು.

ಬರ್ಲಿನ್ ನಿವಾಸಿಯಾಗಿದ್ದ ಅಮೆರಿಕನ್ನರಾದ ಮೈಕೆಲ್ ಕಲೆನ್ ಅವರು 1971ರಲ್ಲಿ ಈ ಭವನದ ಚಿತ್ರವುಳ್ಳ ಅಂಚೆ ಕಾರ್ಡೊಂದನ್ನು ಕಳುಹಿಸಿ, ಇದನ್ನು ಹೊದಿಸಬಾರದೇಕೆ ಎಂಬ ಸಲಹೆಯನ್ನು ಕಲಾವಿದರ ಮುಂದಿಟ್ಟರು. ಪೂರ್ವ ಪಶ್ಚಿಮಗಳೆರಡಕ್ಕೂ ಸೇರಿದ ಗಡಿಯ ಮೇಲೆ ನಿಂತ ಕಟ್ಟಡವು, ಪೂರ್ವದಿಂದ ಪಾರಾಗಿ ಬಂದ ಕ್ರಿಸ್ಟೋ ಅವರನ್ನು ಆಕರ್ಷಿಸಿದುದು ಸಹಜವೇ. ಆದರೆ 1977, 1981 ಮತ್ತು 1987ರಲ್ಲಿ, ಮೂರು ಸಲ ಅನುಮತಿಯು ನಿರಾಕರಿಸಲ್ಪಟ್ಟಿತು. 1989ರಲ್ಲಿ ಗೋಡೆಯು ಬಿದ್ದು, 1990ರಲ್ಲಿ ದೇಶವು ಒಂದಾಗಿ, 1991ರಲ್ಲಿ ಸಂಸತ್ತನ್ನು ಬರ್ಲಿನ್ನಿಗೆ ವರ್ಗಾಯಿಸುವ ನಿರ್ಣಯವಾದ ಮೇಲೆ ಪ್ರಶ್ನೆಗೆ ಹೊಸ ಜೀವ ಬಂದಿತು.

1994ರ ಫೆಬ್ರುವರಿ 25ರಂದು ಬಾನ್ ನಗರದಲ್ಲಿ ಸಂಸತ್ತು ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡಿತು. ಪ್ರಧಾನಿ ಹೆಲ್ಮುಟ್ ಕೋಲ್ ಇದಕ್ಕೆ ವಿರೋಧವಾಗಿದ್ದರು. ಅವರದೇ ಪಕ್ಷದ ನಾಯಕರಾದ ವೋಲ್ಫ್‌ಗಾಂಗ್ ಶಾಯ್‌ಬ್ಲ ಅವರು, ರಾಷ್ಟ್ರದ ಚಿಹ್ನೆಗಳು ಜನರನ್ನು ಒಂದುಗೂಡಿಸಬೇಕಲ್ಲದೆ ಒಡೆಯಬಾರದು, ಇಂಥ ಕಟ್ಟಡವನ್ನು ಪ್ರಯೋಗಕ್ಕೊಡ್ಡುವುದು ತರವಲ್ಲ ಎಂಬ ವಾದವನ್ನು ಮಂಡಿಸಿದರು. ಈ ವಾದವು ಅಲಕ್ಷಿಸತಕ್ಕುದಲ್ಲ. ಬೆಂಕಿಯನ್ನೂ ಯುದ್ಧವನ್ನೂ ಕಂಡ ಕಟ್ಟಡವು ಕೆಲವರಿಗೆ ವಿನೋದದ ವಸ್ತುವಾಗಿ ತೋರುವ ಭಯ ನಿರಾಧಾರವಾದುದೇನೂ ಅಲ್ಲ. ಮುಚ್ಚುವುದು ಅವಮಾನವಲ್ಲ, ಕೆಲಕಾಲ ಮರೆಮಾಡಿದುದನ್ನು ಜನರು ಹೊಸ ಕಣ್ಣಿನಿಂದ ನೋಡುವರು ಎಂಬುದು ಪ್ರತಿಪಕ್ಷ. ಸಭಾಧ್ಯಕ್ಷೆ ರೀಟಾ ಜ್ಯೂಸ್‌ಮುಟ್ ಅವರು ಕೋಲ್ ಅವರ ಪಕ್ಷದವರೇ ಆಗಿದ್ದರೂ ಯೋಜನೆಗೆ ಬೆಂಬಲವಿತ್ತಿದ್ದರು. ಕೊನೆಗೆ 292 ಮತಗಳು ಪರವಾಗಿಯೂ 223 ವಿರೋಧವಾಗಿಯೂ ಬಿದ್ದವು.

ಮುಂದಿನ ವರ್ಷ ಕಾರ್ಯವು ನೆರವೇರಿತು. ಅಲ್ಯುಮಿನಿಯಂ ಲೇಪವುಳ್ಳ, ಬೆಳ್ಳಿಯಂತೆ ಹೊಳೆಯುವ 1,00,000 ಚದರ ಮೀಟರ್ ಪಾಲಿಪ್ರೊಪಿಲೀನ್ ಬಟ್ಟೆಯನ್ನೂ, 15.6 ಕಿಲೋಮೀಟರ್ ಉದ್ದದ ನೀಲಿ ಹಗ್ಗವನ್ನೂ ಬಳಸಲಾಯಿತು. ಶಿಲ್ಪಗಳಿಗೆ ಅಪಾಯವಾಗದಂತೆ ಉಕ್ಕಿನ ಚೌಕಟ್ಟುಗಳನ್ನಿರಿಸಿ, ನುರಿತ 90 ಮಂದಿ ಆರೋಹಿಗಳು ಬಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಬಿಚ್ಚುತ್ತ ಇಳಿದರು. ಕಟ್ಟಡದ ಮೇಲ್ಮೈಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಾದ ಬಟ್ಟೆಯಿದ್ದುದರಿಂದ ನಿರಿಗೆಗಳು ಆಳವಾಗಿ ಬಿದ್ದವು; ಅಲಂಕಾರಗಳೆಲ್ಲ ಅಡಗಿ ಭವನದ ಸ್ಥೂಲರೂಪವು ಮಾತ್ರ ಎದ್ದುಕಂಡಿತು. ಜೂನ್ 24ರಂದು ಪೂರ್ಣಗೊಂಡ ಹೊದಿಕೆಯನ್ನು ಜುಲೈ 7ರಿಂದ ತೆಗೆಯಲಾರಂಭಿಸಿದರು. ಅಷ್ಟರಲ್ಲಿ ಸುಮಾರು 50 ಲಕ್ಷ ಜನರು ಅದನ್ನು ನೋಡಿದ್ದರು. ವೆಚ್ಚವನ್ನು ಸರಕಾರವಾಗಲಿ ಪ್ರಾಯೋಜಕರಾಗಲಿ ಭರಿಸಲಿಲ್ಲ; ಕಲಾವಿದರು ತಮ್ಮ ಪೂರ್ವಸಿದ್ಧತೆಯ ಚಿತ್ರಗಳನ್ನೂ ಇತರ ಕೃತಿಗಳನ್ನೂ ಮಾರಿ ಒದಗಿಸಿಕೊಂಡರು. ಅದರ ತರುವಾಯ ನಾರ್ಮನ್ ಫಾಸ್ಟರ್ ಅವರ ಯೋಜನೆಯಂತೆ ಭವನವು ಪುನರ್ನಿರ್ಮಿತವಾಗಿ, 1999ರಲ್ಲಿ ಸಂಸತ್ತು ಅಲ್ಲಿಗೆ ಮರಳಿತು.

ಈ ವಿವರಗಳಿಂದ ನಾವು ಮುಖ್ಯವಾದ ಒಂದು ಸಂಗತಿಯನ್ನು ಗ್ರಹಿಸಬಹುದಾಗಿದೆ. ಬಟ್ಟೆಯು ನಿಂತುದು 14 ದಿನ; ಅದಕ್ಕಾಗಿ ನಡೆದ ವಾದವಿವಾದವು 24 ವರ್ಷಗಳದು. ಬಟ್ಟೆ ಹೋಯಿತು, ಸಂಸತ್ತಿನ ನಡವಳಿಗಳು, ನಿರಾಕರಣೆಯ ಪತ್ರಗಳು, ಶಿಲ್ಪತಂತ್ರದ ನಕ್ಷೆಗಳು, ಛಾಯಾಚಿತ್ರಗಳು ಉಳಿದಿವೆ. ಒಂದು ಜನಾಂಗವು ತನ್ನ ಕಹಿ ನೆನಪುಗಳ ಕಟ್ಟಡವನ್ನು ಏನೆಂದು ಭಾವಿಸುತ್ತಿದ್ದಿತು ಎಂಬುದನ್ನು ಆ ಕಟ್ಟಡದ ಕಲ್ಲುಗಳಿಗಿಂತ ಈ ಕಾಗದಗಳೇ ಸ್ಪಷ್ಟವಾಗಿ ಹೇಳುತ್ತವೆ. ಹೊದಿಕೆಯು ಜರ್ಮನಿಯ ಗಾಯವನ್ನು ಮಾಯಿಸಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಅದು ಮೌನವಾಗಿದ್ದ ಪ್ರಶ್ನೆಯನ್ನು ಸಭೆಯ ಮುಂದೆ ತಂದು, ಪ್ರತಿನಿಧಿಗಳು ಅದಕ್ಕೆ ಉತ್ತರ ಹೇಳಲೇಬೇಕಾದಂತೆ ಮಾಡಿತು.

ನಮ್ಮ ಶಾಸನಗಳಲ್ಲಿ ಚೈತ್ರಪವಿತ್ರಾದಿ ಉತ್ಸವಗಳಿಗೆ ಬಿಟ್ಟ ದತ್ತಿಗಳು ಅನೇಕವಾಗಿ ಉಕ್ತವಾಗಿವೆ. ಉತ್ಸವವು ಅಂದಂದೇ ಮುಗಿಯಿತು, ದತ್ತಿಯ ಕಲ್ಲು ಉಳಿಯಿತು. ಆ ಕಲ್ಲನ್ನು ಓದುವಾಗ ಅದು ಸೂಚಿಸುವ ಅಳಿದುಹೋದ ಸಂಭ್ರಮವನ್ನೂ, ಅದರ ಸುತ್ತ ನಡೆದಿರಬಹುದಾದ ಸಮ್ಮತಿ ಅಸಮ್ಮತಿಗಳನ್ನೂ ಊಹಿಸಬಲ್ಲ ವಿದ್ಯಾರ್ಥಿಯೇ ಇತಿಹಾಸದ ನಿಜವಾದ ವಿದ್ಯಾರ್ಥಿ. ಜಾನ್-ಕ್ಲೋಡ್ ಅವರು 2009ರಲ್ಲಿಯೂ ಕ್ರಿಸ್ಟೋ ಅವರು 2020ರಲ್ಲಿಯೂ ನಿಧನರಾದರು; ಅವರು ಯೋಜಿಸಿದ್ದಂತೆ 2021ರಲ್ಲಿ ಪ್ಯಾರಿಸ್ಸಿನ ವಿಜಯತೋರಣವನ್ನು ಹೊದಿಸಿ, 16 ದಿನಗಳ ನಂತರ ಬಿಚ್ಚಲಾಯಿತು. ಉಳಿದುದನ್ನು ಮಾತ್ರ ಇತಿಹಾಸವೆಂದು ಬಗೆಯುವ ನಮ್ಮ ಅಭ್ಯಾಸವನ್ನು ಇಂಥ ಕೃತಿಗಳು ತಿದ್ದುವುದಾದರೆ, ಅವುಗಳ ಅಲ್ಪಾಯುಷ್ಯವು ವ್ಯರ್ಥವಾಯಿತೆಂದು ಹೇಳಲಾಗದು.