ಪರಮಾತ್ಮ ಒಳಗಿಳಿದಾಗ...

ಲೈಟ್ ಕಂಬಕ್ಕೆ ಕೈಮುಗಿದು ಕುಶಲ ವಿಚಾರಿಸುವವನು, ಪಕ್ಕದ ಮನೆಯ ಬೀಗಕ್ಕೆ ತನ್ನ ಕೀಲಿಕೈ ತೂರಿಸುವವನು, 'ನಾನು ಕುಡಿದೇ ಇಲ್ಲ' ಎಂದು ಮೂರು ಸಲ ಆಣೆ ಹಾಕುವವನು - ಇವರನ್ನು ಕಂಡು ನಗದವರುಂಟೆ? ಜಿ.ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನನಂತೂ ಕನ್ನಡಿಗರ ಮನೆಮಾತು. ರತ್ನನನ್ನು ಸೃಷ್ಟಿಸಿದ ಕವಿ ಮಾತ್ರ ಹೆಂಡ ಮುಟ್ಟಿದವರಲ್ಲ!

ಕುಡುಕನ ಈ ಪ್ರಹಸನದ ಸೂತ್ರಧಾರ ಎಥನಾಲ್ ಎಂಬ ಪುಟ್ಟ ಅಣು. ನೀರಿನಲ್ಲಿ ಸುಲಭವಾಗಿ ಬೆರೆಯುವ ಇದು ಜಠರ ಮತ್ತು ಸಣ್ಣಕರುಳಿನಿಂದ ರಕ್ತಕ್ಕೆ ಸೇರಿ, ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಮಹಾಮಸ್ತಿಷ್ಕದ ಮುಂಭಾಗ ನಮ್ಮ ವಿವೇಕದ ಕಾವಲುಗಾರ. ಅವನು ತೂಕಡಿಸಿದರೆ ಮೌನಿ ಭಾಷಣಕಾರನಾಗುತ್ತಾನೆ, ಜಿಪುಣ ದಾನಶೂರ ಕರ್ಣನಾಗುತ್ತಾನೆ. ಸಮತೋಲ ಕಾಯುವ ಅನುಮಸ್ತಿಷ್ಕ ಸೋತಾಗ ಕಾಲು ಓಲಾಡುತ್ತದೆ, ನಾಲಿಗೆ ತೊದಲುತ್ತದೆ.

ಮಲಗಿದರೂ ಮನೆ ಗಿರಗಿರನೆ ಸುತ್ತುವುದೇಕೆ? ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿ ಚಲನೆಯನ್ನು ಗುರುತಿಸುವ ಪುಟ್ಟ ಪರದೆಯಿದೆ. ಮದ್ಯಸಾರ ಸುತ್ತಲಿನ ದ್ರವಕ್ಕಿಂತ ಮೊದಲು ಈ ಪರದೆಗೆ ಸೇರಿ ಅದನ್ನು ಹಗುರ ಮಾಡುತ್ತದೆ. ಪರದೆ ಬಾಗುತ್ತದೆ, ದೇಹ ನಿಶ್ಚಲವಾಗಿದ್ದರೂ 'ತಿರುಗುತ್ತಿದ್ದೇನೆ' ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ.

ನಗು ನಿಲ್ಲಬೇಕಾದ ಘಟ್ಟವೊಂದಿದೆ. ಮದ್ಯಸಾರ ಹೆಚ್ಚಾದಾಗ ಉಸಿರಾಟವನ್ನು ನಡೆಸುವ ಮೆಡುಲ್ಲಾ ಕೂಡ ಮಂಕಾಗುತ್ತದೆ. ಎಷ್ಟು ಅಲುಗಿಸಿದರೂ ಏಳದ, ತಡೆತಡೆದು ಉಸಿರಾಡುವ ವ್ಯಕ್ತಿಯನ್ನು 'ಮಲಗಲಿ ಬಿಡಿ, ಇಳಿಯುತ್ತೆ' ಎಂದು ಬಿಟ್ಟು ಹೋಗಬಾರದು. ಹೊಟ್ಟೆಯಲ್ಲಿ ಉಳಿದ ಮದ್ಯ ಆಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂಗಾತ ಮಲಗಿದ್ದರೆ ವಾಂತಿ ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಜೊತೆಯಲ್ಲೇ ಇರಿ.

ಈಗ ಸ್ವಲ್ಪ ಲೆಕ್ಕ. ಶೇ 42.8ರ ವಿಸ್ಕಿ ಅಥವಾ ರಮ್ಮಿನ 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಮದ್ಯಸಾರವಿರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ, ಎಂದರೆ ನಾಲ್ಕು ಪೆಗ್! 'ಬರೀ ಬಿಯರ್ ತಾನೇ' ಎನ್ನುವವರು ಇದನ್ನು ಗಮನಿಸಬೇಕು. ಒಂದು ಪೆಗ್ಗನ್ನು ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆಯಾದರೂ ಬೇಕು. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಅದನ್ನು ಅವಸರಪಡಿಸಲಾರವು.

100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ.

ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಕುಡಿಯದವರು ಕಲಿಯಬೇಕಾದ ಅಗತ್ಯವಿಲ್ಲ. ಕುಡಿಯುವವರು ಖಾಲಿ ಹೊಟ್ಟೆಯಲ್ಲಿ ಕುಡಿಯದಿರಲಿ, ನಡುನಡುವೆ ನೀರು ಕುಡಿಯಲಿ, ಎಣಿಸಿ ನಿಲ್ಲಿಸಲಿ. ನಿದ್ರೆಮಾತ್ರೆ ನುಂಗುವವರು, ಗರ್ಭಿಣಿಯರು ಲೋಟ ಮುಟ್ಟುವುದೇ ಬೇಡ.

ಓಲಾಡುವ ಗೆಳೆಯನನ್ನು ಕಂಡು ನಗುವವರಿಗೂ ಒಂದು ಕೆಲಸವಿದೆ: ನಗುತ್ತಲೇ ಅವನ ಜೇಬಿನಿಂದ ಸ್ಕೂಟರಿನ ಕೀ ತೆಗೆದುಕೊಳ್ಳಿ, ಆಟೋ ಹತ್ತಿಸಿ ಮನೆ ಸೇರಿಸಿ. ಬಾಗಿಲಲ್ಲಿ ಕಾಯುತ್ತಿರುವ ಹೆಂಡತಿ ಮಕ್ಕಳಿಗೆ ಅವನ ಆಟ ತಮಾಷೆಯಲ್ಲ.