‘ಸೋಜೋ’ ಧಾತುವೂ ಕ್ರೈಸ್ತರ ರಕ್ಷಣಾವಿಶ್ವಾಸವೂ

ಯೇಸುವು ರೋಗವನ್ನು ನೀಗಿಸುವನೆಂಬ ನಂಬಿಕೆಯೂ ಪಾಪದಿಂದ ಉದ್ಧರಿಸುವನೆಂಬ ನಂಬಿಕೆಯೂ ಕ್ರೈಸ್ತರಲ್ಲಿ ಹೆಣೆದುಕೊಂಡಿರುವುದಕ್ಕೆ ಗ್ರೀಕ್ ಮೂಲದ ಒಂದು ಧಾತುವು ಸಾಕ್ಷಿಯಾಗಿದೆ. ‘ಸೋಜೋ’ ಎಂಬುದಕ್ಕೆ ಕಾಪಾಡು, ಗುಣಪಡಿಸು ಎಂಬೆರಡು ಅರ್ಥಗಳೂ ಉಂಟು. ನಂಬಿಕೆಯೇ ಕಾಪಾಡಿತೆಂಬ ತಾತ್ಪರ್ಯದ ಒಂದೇ ವಾಕ್ಯವು ಲೂಕನ ಸುವಾರ್ತೆಯಲ್ಲಿ 4 ಸಲ ಬರುತ್ತದೆ. 12 ವರ್ಷ ರಕ್ತಸ್ರಾವದಿಂದ ಬಳಲಿದವಳಿಗೂ ಯೆರಿಕೋವಿನ ಬಳಿಯ ಕುರುಡನಿಗೂ ಆ ಮಾತೇ. ರೋಗದ ಪ್ರಸ್ತಾಪವೇ ಇಲ್ಲದೆ ಪಾಪಕ್ಷಮೆಯನ್ನು ಪಡೆದ ಹೆಂಗಸಿಗೂ ಆ ಮಾತೇ.

ಉಳಿದ ಪ್ರಸಂಗವು (ಅಧ್ಯಾಯ 17) ವಿಶೇಷವಾಗಿ ವಿಚಾರಾರ್ಹವಾದುದು. ಕುಷ್ಠರೋಗಿಗಳು 10 ಮಂದಿ. ದಾರಿಯಲ್ಲಿ ಹೋಗುತ್ತಿರುವಾಗಲೇ ಎಲ್ಲರೂ ಶುದ್ಧರಾದರು. ಅಲ್ಲಿ ಪ್ರಯುಕ್ತವಾದ ಧಾತುವು ಬೇರೆ, ‘ಕಥರಿಜೋ’. ಹಿಂದಿರುಗಿ ಬಂದು ಕೃತಜ್ಞತೆಯನ್ನು ಸಲ್ಲಿಸಿದ ಸಮಾರ್ಯದವನೊಬ್ಬನಿಗೆ ಮಾತ್ರ ‘ಸೋಜೋ’. ಹಾಗಾದರೆ ಮಿಕ್ಕ 9 ಮಂದಿಗೆ ದೊರೆಯದೆ ಇವನಿಗೆ ದೊರೆತುದೇನು? ರೋಗಶಾಂತಿಯಂತೂ ಸರ್ವಸಮಾನವಾಗಿತ್ತು. ವ್ಯಾಖ್ಯಾನಕಾರರಲ್ಲಿ ಹಲವರು ಅದನ್ನು ಆತ್ಮೋದ್ಧಾರವೆಂದೇ ಗ್ರಹಿಸುತ್ತಾರೆ. ಆದಕಾರಣ ‘ಸ್ವಸ್ಥಮಾಡಿತು’ ಎಂದು ಭಾಷಾಂತರಿಸಿದರೆ ಈ ಭೇದವು ಮರೆಯಾಗುತ್ತದೆ. ‘ರಕ್ಷಿಸಿತು’ ಎಂದರೆ ದೇಹದ ಸಂಬಂಧವು ಕಡಿದುಹೋಗುತ್ತದೆ. (‘ಸ್ವಸ್ಥ’ ಪದಕ್ಕೆ ‘ತನ್ನಲ್ಲಿ ನೆಲೆಗೊಂಡವನು’ ಎಂಬ ಯೌಗಿಕಾರ್ಥವೇ ರೂಢಿಯಲ್ಲಿ ಪ್ರಬಲವಾಗಿದ್ದಿದ್ದರೆ ತೊಡಕಿರುತ್ತಿರಲಿಲ್ಲ.) ಸುರಿಯಾನಿ ಭಾಷಾಂತರವಾದ ಪೆಷಿತ್ತಾದಲ್ಲಿ ‘ಬದುಕಿಸಿತು’ ಎಂಬರ್ಥದ ಪದವಿದ್ದು, ಎರಡು ಭಾವಗಳೂ ಉಳಿದುಕೊಂಡಿವೆ. ವೈದ್ಯನು ರೋಗಿಯನ್ನು ಉಳಿಸಿದನೆಂತಲೂ ದೇವರು ಭಕ್ತನನ್ನು ಉಳಿಸಿದನೆಂತಲೂ ಆಡುವ ವಾಡಿಕೆಯು ಕನ್ನಡದಲ್ಲಿರುವುದರಿಂದ, ನಮ್ಮ ‘ಉಳಿಸು’ ಎಂಬುದೇ ಮೂಲಕ್ಕೆ ಸಮೀಪತರವೆಂದು ನಮಗೆ ತೋರುತ್ತದೆ.